ಪೆಟ್ರೋಲ್ ಕುಡಿದ ಡ್ರಾಯಿಂಗ್ ಮಾಸ್ತರು

ನಮ್ಮ ಊರು ದಿಗ್ಗೇವಾಡಿಯಿಂದ ಎರಡು ಮೈಲಿ ಈಚೆಗಿದೆ. ಸಾವಿರದ ಒಂಬೈನೂರ ತೊಂಬತ್ತೊಂದರಲ್ಲಿ ಅಲ್ಲಿ ಟ್ರ್ಯಾಕ್ಟರುಗಳು ಬೇಕಾದಷ್ಟಿದ್ದವು, ಜೀಪು ಇದ್ದದ್ದು ಒಂದೇ. ಅದು ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರು ಭೂಪಾಲ ಖೋತ ಅವರದು. ಅವರಲ್ಲಿ ಜೀಪು ಇತ್ತು ಎನ್ನುವುದಕ್ಕಿಂತ ಅವರ ಮನೆಯ ಮುಂದೆ ಒಂದು ಜೀಪು ನಿಂತಿತ್ತು ಎಂದರೆ ಸತ್ಯಕ್ಕೆ ಹೆಚ್ಚು ಹತ್ತಿರ.

ಅದನ್ನು ಕೊಟ್ಟವನು ಅವರ ಹೆಂಡತಿ ಜಿನಮತಿಬಾಯಿಯ ತಮ್ಮ ಪಾರಿಸ. ಅಥಣಿ ಕಡೆ ದ್ರಾಕ್ಷಿ ತೋಟ ಇದ್ದವನು. ಹೊಸ ಗಾಡಿ ಕೊಂಡ ಮೇಲೆ ಹಳೆಯದನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆಸಿಕೊಂಡು ಬಂದು, "ದಾಜಿ, ಇದು ಫೋರ್ ವ್ಹೀಲ್ ಡ್ರೈವ್ ಐತ್ರಿ. ಕೆಸರಾಗ, ಗುಡ್ಡದಾಗ, ಎಲ್ಲೆ ಬೇಕಾದಲ್ಲೆ ಹೋಗತೈತಿ" ಎಂದು ಭಾವನಿಗೆ ಹೇಳಿ, ಚಹಾ ಕುಡಿಯುವುದಕ್ಕೂ ನಿಲ್ಲದೆ ಹೋದ. ಕೆಸರಿನಲ್ಲಿ ಹೋಗುತ್ತಿತ್ತೋ ಏನೋ, ನಿಂತ ಜಾಗದಿಂದ ಅದು ಅಲುಗಾಡುತ್ತಿರಲಿಲ್ಲ.

ಬೇರೆಯವರಾಗಿದ್ದರೆ ಚಿಕ್ಕೋಡಿಯಿಂದ ಮೆಕ್ಯಾನಿಕ್‌ನನ್ನು ಕರೆಸುತ್ತಿದ್ದರು. ಮಾಸ್ತರು ಒಂದು ಹಳೆಯ ರಿಪೇರಿ ಪುಸ್ತಕ ತರಿಸಿದರು. ಅದರೊಳಗಿನ ಚಿತ್ರ ನೋಡಿ, ಪೆಟ್ರೋಲು ಟಾಕಿಯಿಂದ ಪಂಪಿಗೆ, ಪಂಪಿನಿಂದ ಕಾರ್ಬ್ಯುರೇಟರಿಗೆ ಹೋಗುವ ದಾರಿಯನ್ನು ದೊಡ್ಡ ಡ್ರಾಯಿಂಗ್ ಹಾಳೆಯ ಮೇಲೆ ಮೂರು ಬಣ್ಣದಲ್ಲಿ ಬರೆದು ಪಡಸಾಲೆಯ ಗೋಡೆಗೆ ಹಚ್ಚಿದರು. ಪಕ್ಕದ ಮನೆಯ ತಾರವ್ವ ಮೊಸರು ಕೇಳಲು ಬಂದವಳು ಅದನ್ನು ಬಹಳ ಹೊತ್ತು ನೋಡಿದಳು.

"ಇದು ಯಾರ ಹೊಟ್ಟಿರೀ, ಮಾಸ್ತರ?"

"ಹೊಟ್ಟಿ ಅಲ್ಲ ತಾರವ್ವ, ಜೀಪಿಂದು. ಮಷೀನ ಅಂದ್ರ ಏನಂತ ತಿಳದೀ? ಅದೂ ಒಂದು ಡ್ರಾಯಿಂಗನ. ಗೆರಿ ಎಲ್ಲಿಂದ ಎಲ್ಲಿಗೆ ಹೋಗತೈತಿ ಅಂತ ಕಂಡರ ಮುಗೀತು."

ಆಶ್ಚರ್ಯವೆಂದರೆ ಜೀಪು ಶುರುವಾಯಿತು. ಮಾಸ್ತರು ಕಾರ್ಬ್ಯುರೇಟರನ್ನು ಪಡಸಾಲೆಯಲ್ಲಿ ಬಿಚ್ಚಿ, ರವೆಯಂಥ ಕೊಳೆಯನ್ನು ತೆಗೆದು, ಊದಿ, ತಿರುಗಿ ಜೋಡಿಸಿದರು. ಒಂದು ಸ್ಕ್ರೂ ಉಳಿಯಿತು. ಉಳಿದರೂ ಶುರುವಾಯಿತು. ಆ ದಿನದಿಂದ ಅವರ ನಡಿಗೆಯೇ ಬದಲಾಯಿತು. ದೀಪಾವಳಿಗೆ ಇಡೀ ಜೀಪಿಗೆ ಹಸಿರು ಎಣ್ಣೆಬಣ್ಣ ಎರಡು ಸಲ ಬಳಿದರು. ಕಲಾವಿದರ ಕೈ, ಯಾರ ಕಣ್ಣಿಗೂ ಬೀಳದ, ಡ್ರೈವರ್ ಸೀಟಿನ ಅಡಿಯಲ್ಲಿರುವ ಪೆಟ್ರೋಲ್ ಟಾಕಿಯ ಮುಚ್ಚಳವನ್ನೂ ಬಿಡಲಿಲ್ಲ.

ದೀಪಾವಳಿಯ ಮೇಲೆ ಹೊಸ ಕಾಟ ಶುರುವಾಯಿತು. ಜೀಪು ಎರಡು ಮೈಲಿ ಹೋಗುವುದು, ಕೆಮ್ಮುವುದು, ನಿಲ್ಲುವುದು. ಮಾಸ್ತರು ಇಳಿದು, ಸೀಟು ಎತ್ತಿ, ಮುಚ್ಚಳ ತೆಗೆದು, ಕೋಲು ಇಳಿಸಿ ಪೆಟ್ರೋಲು ಇದೆಯೇ ಎಂದು ನೋಡುವರು. ಇರುತ್ತಿತ್ತು. ಮುಚ್ಚಳ ಹಾಕಿ ಹತ್ತಿ ಕುಳಿತರೆ ಜೀಪು ಏನೂ ಆಗದಂತೆ ಮತ್ತೆ ಎರಡು ಮೈಲಿ ಹೋಗುವುದು. ಅದಕ್ಕೆ ವಿಶ್ರಾಂತಿ ಬೇಕು ಎಂದು ಮಾಸ್ತರು ತೀರ್ಮಾನಿಸಿದರು. ಪಂಪು ಬಿಚ್ಚಿದರು, ಪೆಟ್ರೋಲು ಸೋಸುವ ಜಾಳಿಗೆ ತೊಳೆದರು, ಉಳಿದಿದ್ದ ಸ್ಕ್ರೂಗೂ ಎಲ್ಲೋ ಒಂದು ಜಾಗ ಹುಡುಕಿ ಕೂರಿಸಿದರು. ಏನೂ ಉಪಯೋಗವಾಗಲಿಲ್ಲ. ಟಾಕಿಯೊಳಗೆ ತುಕ್ಕು ಹಿಡಿದಿರಬೇಕೆಂಬ ಸಂಶಯ ಮಾತ್ರ ಉಳಿಯಿತು.

ಒಂದು ಶನಿವಾರ ಶಾಲೆ ಬಿಟ್ಟ ಮೇಲೆ ಚಹಾ ಅಂಗಡಿಯಲ್ಲಿ ಕುಳಿತು ಅವರು ಬೇಸರದಿಂದ ಹೇಳಿದರು: "ನನಗಂತೂ ಸಾಕಾಗೇತಿ. ನಾಳೆ ರವಿವಾರ ಏನಾದ್ರೂ ಆಗ್ಲಿ, ಇದರದೊಂದು ಕಡೀ ಮಾಡಿಬಿಡತೇನಿ."

ಅಲ್ಲಿದ್ದ ಏಳೆಂಟು ಜನ ಇದನ್ನು ಕೇಳಿದರು. ಆದರೆ ‘ಇದು’ ಎಂದರೆ ಜೀಪು ಎಂದು ಮಾಸ್ತರು ಬಾಯಿಬಿಟ್ಟು ಹೇಳಿರಲಿಲ್ಲ.

ಭಾನುವಾರ ಮುಂಜಾನೆ ಜಿನಮತಿಬಾಯಿ ಬಸದಿಗೆ ಹೋಗಿದ್ದರು. ಮಾಸ್ತರು ಟಾಕಿ ಬರಿದು ಮಾಡಲು ರಬ್ಬರ್ ಪೈಪಿನ ಒಂದು ತುದಿಯನ್ನು ಪೆಟ್ರೋಲಿನಲ್ಲಿ ಇಳಿಸಿ, ಇನ್ನೊಂದು ತುದಿಯನ್ನು ಬಾಯಲ್ಲಿಟ್ಟುಕೊಂಡು ಎಳೆಯತೊಡಗಿದರು. ಬಾಯಿಗೆ ಬರುವ ಒಂದು ಕ್ಷಣ ಮೊದಲು ಪೈಪನ್ನು ಡಬ್ಬಿಗೆ ಬಿಡಬೇಕು. ಅದೇ ಕ್ಷಣಕ್ಕೆ ಕಾಂಪೌಂಡಿನ ಆಚೆಯಿಂದ ತಾರವ್ವ, "ಮಾಸ್ತರ, ನಾಷ್ಟಾ ಆತೇನ್ರಿ?" ಎಂದಳು. ಮಾಸ್ತರು ಮರ್ಯಾದೆಯ ಮನುಷ್ಯ. ಕೇಳಿದ್ದಕ್ಕೆ ಉತ್ತರ ಕೊಡದೆ ಇರುವವರಲ್ಲ. ‘ಹೂಂ’ ಎಂದರು. ‘ಹೂಂ’ ಎನ್ನುವಾಗ ಒಂದು ಗುಟುಕು ಒಳಗೆ ಇಳಿಯಿತು.

ತಾರವ್ವ ಇಣುಕಿ ನೋಡುವಾಗ ಮಾಸ್ತರು ನೆಲದ ಮೇಲೆ ಕುಳಿತು, ಕಣ್ಣಲ್ಲಿ ನೀರು ಸುರಿಸುತ್ತ, ಒಂದು ಕೈಯಿಂದ ಡಬ್ಬಿಯನ್ನೂ ಇನ್ನೊಂದರಿಂದ ಗಂಟಲನ್ನೂ ತೋರಿಸುತ್ತಿದ್ದರು.

"ಅಯ್ಯಯ್ಯೋ! ಮಾಸ್ತರ ಪೆಟ್ರೋಲ್ ಕುಡದಾರ ಬರ್ರೋ!"

ಐದು ನಿಮಿಷದಲ್ಲಿ ಅಂಗಳ ತುಂಬಿತು. ನಿನ್ನೆ ಚಹಾ ಅಂಗಡಿಯಲ್ಲಿದ್ದವರು, "ಕಡೀ ಮಾಡತೇನಿ ಅಂದಿದ್ರು. ನಾವ ತಿಳ್ಕೊಳಲಿಲ್ಲ" ಎಂದು ಹಣೆ ಹಣೆ ಬಡಿದುಕೊಂಡರು. ಒಬ್ಬ ಉಪ್ಪುನೀರು ಕುಡಿಸಲು ಬಂದ, ಇನ್ನೊಬ್ಬ ಹುಣಸೆನೀರು. ಮಾಸ್ತರು ಹಲ್ಲು ಕಚ್ಚಿಕೊಂಡರು. ಬದುಕುವ ಮನಸ್ಸೇ ಇಲ್ಲ ಎಂಬುದಕ್ಕೆ ಅದೇ ಗುರುತಾಯಿತು. ಇಷ್ಟರಲ್ಲಿ ಜಿನಮತಿಬಾಯಿ ಬಸದಿಯಿಂದ ಓಡಿ ಬಂದರು. ರಾಯಬಾಗದ ಆಸ್ಪತ್ರೆಗೆ ಒಯ್ಯಬೇಕೆಂದು ಎಲ್ಲರೂ ಒಪ್ಪಿದರು. ಆದರೆ ಯಾವುದರಲ್ಲಿ? ಊರಲ್ಲಿದ್ದದ್ದು ಒಂದೇ ಜೀಪು.

ಟ್ರ್ಯಾಕ್ಟರ್ ನಡೆಸುವ ಅಪ್ಪಾಸಾಬ ಪೈಪು ಎಳೆದುಹಾಕಿ, ಟಾಕಿಯ ಮುಚ್ಚಳ ಬಿಗಿದು, ಡ್ರೈವರ್ ಸೀಟಿನಲ್ಲಿ ಕುಳಿತ. ಮಾಸ್ತರನ್ನು ಹಿಂದೆ ಹೆಂಡತಿಯ ತೊಡೆಯ ಮೇಲೆ ಮಲಗಿಸಿದರು. ಸರಿಯಾಗಿ ಎರಡು ಮೈಲಿಗೆ ಜೀಪು ಕೆಮ್ಮಿ ನಿಂತಿತು.

"ಆಯ್‌ಲಾ! ಇದ್ದಷ್ಟೂ ಮಾಸ್ತರ ಕುಡದ್ರೇನು?" ಎಂದು ಅಪ್ಪಾಸಾಬ ಗಾಬರಿಯಾಗಿ ಸೀಟು ಎತ್ತಿ ಟಾಕಿಯ ಮುಚ್ಚಳ ತಿರುಗಿಸಿದ. ‘ಸುಸ್ಸ್’ ಎಂದು ಗಾಳಿ ಒಳಗೆ ನುಗ್ಗಿದ ಸದ್ದಾಯಿತು.

ಹಿಂದೆ ಮಲಗಿದ್ದ ಮಾಸ್ತರರ ಕಣ್ಣು ದೊಡ್ಡವಾದವು. ರಿಪೇರಿ ಪುಸ್ತಕದಲ್ಲಿದ್ದ ಟಾಕಿ ಮುಚ್ಚಳದ ಚಿತ್ರದಲ್ಲಿ ಒಂದು ಚುಕ್ಕೆ ಇತ್ತು. ಮುದ್ರಣದ ದೋಷ ಎಂದುಕೊಂಡು ಅವರು ಗೋಡೆಯ ಚಿತ್ರದಲ್ಲಿ ಅದನ್ನು ಬಿಟ್ಟಿದ್ದರು. ಅದು ಗಾಳಿ ಹೋಗುವ ತೂತು! ಪೆಟ್ರೋಲು ಹೊರಗೆ ಹೋದಷ್ಟು ಗಾಳಿ ಒಳಗೆ ಬರಬೇಕು. ಅದನ್ನು ಅವರೇ ಎರಡು ಸಲ ಬಣ್ಣ ಬಳಿದು ಮುಚ್ಚಿದ್ದರು. ಎದ್ದು ಕುಳಿತು, ಸುಟ್ಟ ಗಂಟಲಿನಿಂದ ಬಲವನ್ನೆಲ್ಲ ಕೂಡಿಸಿ ಕೂಗಿದರು:

"ತೂತು! ತೂತು!"

"ಹೊಟ್ಟಿ ತೂತು ಬಿದ್ದೈತಂತ!" ಎಂದ ಅಪ್ಪಾಸಾಬ, ಮುಚ್ಚಳವನ್ನು ಇನ್ನೂ ಬಿಗಿಯಾಗಿ ಹಾಕಿ ಜೀಪನ್ನು ದೌಡಾಯಿಸಿದ. ರಾಯಬಾಗ ಮುಟ್ಟುವುದರೊಳಗೆ ಅದು ಮತ್ತೆ ಮತ್ತೆ ನಿಂತಿತು. ನಿಂತಾಗಲೆಲ್ಲ ಮಾಸ್ತರು ‘ತೂತು’ ಎಂದರು, ಜಿನಮತಿಬಾಯಿ ಅತ್ತರು.

ಆಸ್ಪತ್ರೆಯ ಡಾಕ್ಟರು ತಾಳ್ಮೆಯ ಮನುಷ್ಯ. ವಾಂತಿ ಮಾಡಿಸಲಿಲ್ಲ ತಾನೆ ಎಂದು ಮೊದಲು ಕೇಳಿದರು. "ಚಲೋ ಆತು. ಮಾಡಿಸಿದ್ರ ಪೆಟ್ರೋಲು ಪುಪ್ಪುಸಕ್ಕ ಇಳೀತಿತ್ತು" ಎಂದು ಎದೆ ಪರೀಕ್ಷಿಸಿ, ಬಲಗೈಗೆ ಸಲಾಯಿನ್ ಹಚ್ಚಿ, "ಎರಡು ದಿನ ಇಲ್ಲೇ ಇರ್ರಿ. ಒಂದು ಮಾತೂ ಆಡಬ್ಯಾಡ್ರಿ" ಎಂದು ಅಪ್ಪಣೆ ಮಾಡಿದರು.

ಹೀಗೆ, ಹೇಳಲೇಬೇಕಾದ ಮಾತು ಜೀವನದಲ್ಲಿ ಮೊದಲ ಬಾರಿಗೆ ಸಿಕ್ಕ ದಿನವೇ ಮಾಸ್ತರರ ಬಾಯಿ ಮುಚ್ಚಿಸಲಾಯಿತು.

ಮಧ್ಯಾಹ್ನ ಹವಾಲ್ದಾರ ಮುರಗೆಪ್ಪ ಕಾಗದ ಹಿಡಿದು ಬಂದ. "ಜೀವಾ ಕಳಕೊಳ್ಳಾಕ ಹೋಗೂದು ಗುನ್ಹಾ ಐತ್ರಿ, ಮಾಸ್ತರ. ಕೇಸ್ ಆದ್ರ ನೌಕರಿಗೆ ಸಂಚಕಾರ. ಯಾರಿಂದ ತ್ರಾಸ ಆಗೇತಿ ಅದನ್ನ ಬರದು ಕೊಡ್ರಿ, ಅವರನ್ನ ನಾ ನೋಡ್ಕೋತೇನಿ." ಬಲಗೈಗೆ ಸೂಜಿ ಚುಚ್ಚಿತ್ತು. ಮಾಸ್ತರು ಎಡಗೈಯಿಂದ, ಒಂದನೆಯ ಇಯತ್ತೆಯ ಅಕ್ಷರದಲ್ಲಿ, ಬಹಳ ಕಷ್ಟಪಟ್ಟು ಎರಡು ಶಬ್ದ ಬರೆದರು: ‘ಜೀಪಿನ ಸಲುವಾಗಿ.’

ಮುರಗೆಪ್ಪ ಅದನ್ನು ಎರಡು ಸಲ ಓದಿದ. "ಜೀಪು ಕೊಟ್ಟಾಂವ ಯಾಂವ?" ಎಂದು ಕೇಳಿದ. ಜಿನಮತಿಬಾಯಿ ತಮ್ಮನ ಹೆಸರು ಹೇಳಿದರು. ಸಂಜೆಯೊಳಗೆ ಅಥಣಿಗೆ ವೈರ್‌ಲೆಸ್ ಹೋಯಿತು.

ಮರುದಿನ ಮುಂಜಾನೆಯಿಂದ ಜನ ಬರತೊಡಗಿದರು.

ಮೊದಲು ತಾರವ್ವ ಬಂದಳು. ಒಂದು ಚೀಲ ಚಿಕ್ಕು ಹಣ್ಣು ತಂದು ಮಂಚದ ಕೆಳಗಿಟ್ಟು, ಸೆರಗು ಬಾಯಿಗೆ ಹಿಡಿದು ಅಳಲು ಶುರು ಮಾಡಿದಳು. "ನಿಮಗ ಗೊತ್ತಾಗೇತಿ ಅಂತ ನನಗ ಗೊತ್ತಾಗೇತ್ರಿ, ಮಾಸ್ತರ. ನಿಮ್ಮ ಚಿಕ್ಕು ಗಿಡ ಬಿಸಲಿಗಿ ಒಣಗಲಿಲ್ಲ. ಅದರ ಎಲಿ ನಮ್ಮ ಅಂಗಳದಾಗ ಬೀಳತಾವಂತ ನಾನ ದಿನಾ ಅರಬಿ ಒಗ್ಯೂ ಸೋಡಾದ ನೀರು ಹಾಕತಿದ್ದೆ. ಒಂದು ಗಿಡದ ಸಲುವಾಗಿ ಯಾರರ ಜೀವಾ ಕೊಡತಾರೇನ್ರಿ?"

ಮಾಸ್ತರು ಬೆಪ್ಪಾಗಿ ನೋಡಿದರು. ಆ ಗಿಡವನ್ನು ಅವರು ಬೀಜದಿಂದ ಬೆಳೆಸಿದ್ದರು. ಒಣಗಿದಾಗ ತನ್ನ ಕೈಯೇ ಸರಿಯಿಲ್ಲ ಎಂದುಕೊಂಡು ಮತ್ತೆ ಗಿಡ ನೆಡುವುದನ್ನೇ ಬಿಟ್ಟಿದ್ದರು. ಬಾಯಿ ತೆರೆಯಹೋದರು. "ಮಾತಾಡಬ್ಯಾಡ್ರಿ!" ಎಂದು ನರ್ಸು ದೂರದಿಂದಲೇ ಬೆರಳು ತೋರಿಸಿದಳು.

ಹನ್ನೊಂದಕ್ಕೆ ಪಾರಿಸ ಬಂದ. ಪೊಲೀಸರು ಕರೆಸಿದ ಭಯಕ್ಕೆ ಮುಖ ಬೂದಿಯಾಗಿತ್ತು. ಕಾಲ ಬಳಿ ಕುಳಿತು, "ದಾಜಿ, ಮಾಫ್ ಮಾಡ್ರಿ. ಆ ಜೀಪು ನಾ ಪ್ರೀತಿಲೆ ಕೊಟ್ಟದ್ದಲ್ಲ. ತೋಟದಾಗ ನಿಂತು ಹಾವು ಸೇರಿಕೊಂಡಿದ್ದೂ. ಮೆಕ್ಯಾನಿಕ್ ಗುಜರಿಗೆ ಹಾಕ್ರಿ ಅಂದ. ಡ್ರಾಯಿಂಗ್ ಮಾಸ್ತರಿಗೆ ಏನ್ ತಿಳೀತೈತಿ ಅಂತ ನಿಮ್ಮ ಅಂಗಳಕ್ಕ ತಂದು ಬಿಟ್ಟೆ. ಅಕ್ಕನ ಲಗ್ನದಾಗೂ ನಾನ ಬ್ಯಾಡ ಅಂದಿದ್ದೆ. ಬಣ್ಣಾ ಬಳಿಯಾಂವಂದು ಒಂದು ನೌಕರಿ ಏನು ಅಂತ..."

ಪಾರಿಸ ಪ್ರತಿ ವರ್ಷ ಭಾದ್ರಪದದಲ್ಲಿ ಜೈನರ ದಶಲಕ್ಷಣ ಪರ್ವ ಮುಗಿದ ಮೇಲೆ ತಪ್ಪದೆ ಬಂದು, ತಿಳಿದೋ ತಿಳಿಯದೆಯೋ ಮಾಡಿದ ತಪ್ಪನ್ನು ಕ್ಷಮಿಸಿ ಎಂದು ಕೈ ಮುಗಿಯುತ್ತಿದ್ದ. ಮಾಸ್ತರೂ ತಿರುಗಿ ಹಾಗೆಯೇ ಕೈ ಮುಗಿಯುತ್ತಿದ್ದರು. ಯಾವ ತಪ್ಪು ಎಂದು ಕೇಳುವ ಪದ್ಧತಿ ಇರಲಿಲ್ಲ.

ಮಧ್ಯಾಹ್ನ ಬಂದವರು ಹೆಡ್‌ಮಾಸ್ತರು ರಾವಸಾಹೇಬರು. ಎಲ್ಲರನ್ನೂ ಹೊರಗೆ ಕಳಿಸಿ, ಜಿನಮತಿಬಾಯಿ ಒಬ್ಬರು ಮಾತ್ರ ಕದಲದ್ದರಿಂದ ಅವರ ಕಡೆ ಬೆನ್ನು ಮಾಡಿ ಕುಳಿತರು.

"ಖೋತರ, ಆ ಪತ್ರದ ಸುದ್ದಿ ನಿಮಗ ಯಾರು ಹೇಳಿದ್ರೋ ನಾ ಕೇಳೂದಿಲ್ಲ. ಏಳು ವರ್ಷದ ಹಿಂದ ನೀವು ಬೆಂಗಳೂರಿನ ಸ್ಪರ್ಧಾಕ್ಕ ಹೊಳಿ ದಂಡಿ ದೋಣಿ ಚಿತ್ರಾ ಕಳಿಸಿದ್ರಿ, ನೆನಪೈತಿಲ್ಲೋ? ನಿಮ್ಮದು ಮೊದಲನೇ ನಂಬರ ಬಂದಿತ್ತು. ಚಿತ್ರಕಾರರು ಬೆಂಗಳೂರಿಗೆ ಬರಬೇಕು, ಅಲ್ಲೆ ಒಂದು ವರ್ಷ ಕಲಿಸತೇವಿ ಅಂತ ಪತ್ರ ಬಂದಿತ್ತು. ನೀವು ಹೋದ್ರ ಗ್ಯಾದರಿಂಗ್ ನಾಟಕದ ಪಡದೆ ಯಾರು ಬರೀತಾರ ಅಂತ ಡ್ರಾವರಿನಾಗ ಇಟ್ಟೆ. ಆಮ್ಯಾಲ ಕೊಡಾಕ ಮುಖ ಇರಲಿಲ್ಲ."

ಮಾಸ್ತರರ ಮೈಯಲ್ಲಿ ಮೊದಲು ಸಿಟ್ಟು ಏರಿತು. ಇಪ್ಪತ್ತು ವರ್ಷ ಗ್ಯಾದರಿಂಗಿನ ಪರದೆಯ ಮೇಲೆ ಅದೇ ಅರಮನೆ, ಅದೇ ಬೆಟ್ಟ, ಅದೇ ಸೂರ್ಯ ಬರೆದ ಕೈ ಸಲಾಯಿನ್ ಸಮೇತ ಮಂಚದಿಂದ ಎದ್ದಿತು. ಆ ಮೇಲೆ, ಹೆಡ್‌ಮಾಸ್ತರು ಕಣ್ಣೊರೆಸಿಕೊಳ್ಳುತ್ತಿರುವಾಗ, ಸಿಟ್ಟು ಇದ್ದಲ್ಲಿಯೇ ಬೆವರಾಯಿತು. ಯಾಕೆಂದರೆ ಆ ಚಿತ್ರ ಅವರು ಬರೆದದ್ದಲ್ಲ.

ಅದನ್ನು ಬರೆದವಳು ಆಗ ಹತ್ತನೆಯ ಇಯತ್ತೆಯಲ್ಲಿದ್ದ ಸುಂದರಾ ಎಂಬ ಹುಡುಗಿ. ಶಾಲೆಯಿಂದ ಮಾಸ್ತರರ ಚಿತ್ರಗಳನ್ನು ಮಾತ್ರ ಕಳಿಸಬೇಕೆಂದು ನಿಯಮವಿತ್ತು. ಅವರ ಚಿತ್ರ ಮುಗಿದಿರಲಿಲ್ಲ, ಕೊನೆಯ ತಾರೀಖು ಬಂದಿತ್ತು. ಸುಂದರಾಳ ಚಿತ್ರದ ಮೂಲೆಯಲ್ಲಿ ತಮ್ಮ ಸಹಿ ಹಾಕಿ ಕಳಿಸಿದ್ದರು. ಸಹಿ ಹಾಕುವಾಗ, ಇದು ತಾತ್ಕಾಲಿಕ, ಆಮೇಲೆ ಅವಳಿಗೆ ಹೇಳಿದರಾಯಿತು ಎಂದುಕೊಂಡಿದ್ದರು. ಚಿತ್ರ ತಿರುಗಿ ಬಂದು ಹೆಡ್‌ಮಾಸ್ತರರ ಕೋಣೆಯಲ್ಲಿ ಏಳು ವರ್ಷದಿಂದ ತೂಗುತ್ತಿತ್ತು. ‘ಆಮೇಲೆ’ ಇನ್ನೂ ಬಂದಿರಲಿಲ್ಲ.

ಸಂಜೆ ಎಲ್ಲರೂ ಹೋದ ಮೇಲೆ ಜಿನಮತಿಬಾಯಿ ಮಂಚದ ಹತ್ತಿರ ಸ್ಟೂಲು ಎಳೆದುಕೊಂಡರು. ನಿನ್ನೆಯಿಂದ ಅವರು ಏನೂ ಕೇಳಿರಲಿಲ್ಲ.

"ಎಲ್ಲಾರೂ ತಮ್ಮ ತಮ್ಮದು ಹೇಳಿ ಹ್ವಾದ್ರು" ಎಂದರು. "ನಾನೂ ನಿನ್ನಿಂದ ವಿಚಾರ ಮಾಡಾಕತ್ತೇನಿ, ನಂದು ಯಾವುದಿರಬೇಕು ಅಂತ. ಜೀಪು ಬಿಚ್ಚಿದಾಗೆಲ್ಲಾ ಬೈದದ್ದೋ? ಊಟಕ್ಕ ಕರದು ಕರದು ಬ್ಯಾಸತ್ತು ಒಬ್ಬಾಕೀನ ಉಂಡದ್ದೋ? ಬಾಳ ನೆನಪಾದೂರಿ. ಯಾವುದಂತ ಗೊತ್ತಾಗಲಿಲ್ಲ."

ಮಾಸ್ತರು ಅಲ್ಲವೆಂದು ತಲೆಯನ್ನು ಜೋರಾಗಿ ಆಡಿಸಿದರು. ಎಡಗೈಯಿಂದ ಪೆನ್ಸಿಲು ಹಿಡಿದು ಒಂದು ಟಾಕಿ ಬರೆದರು, ಅದರ ಬಾಯಿಗೆ ಮುಚ್ಚಳ ಬರೆದರು, ಮುಚ್ಚಳದ ನಡುವೆ ಒಂದು ಚುಕ್ಕೆ ಇಟ್ಟು, ಚುಕ್ಕೆಯ ಮೇಲೆ ಬಣ್ಣ ಬಳಿಯುವಂತೆ ಪೆನ್ಸಿಲನ್ನು ಗಸಗಸ ಉಜ್ಜಿದರು. ಟಾಕಿಗೆ ಒಂದು ಪೈಪು ಬರೆದು, ಪೈಪಿನ ತುದಿಗೆ ತಮ್ಮದೇ ಮುಖ ಬರೆದರು. ಮುಖ ಮಾತ್ರ ಎಡಗೈಯಲ್ಲಿಯೂ ಚೆನ್ನಾಗಿಯೇ ಬಂತು.

ಜಿನಮತಿಬಾಯಿ ಹಾಳೆ ತಿರುಗಿಸಿ ತಿರುಗಿಸಿ ನೋಡಿದರು. ಅವರ ಮುಖದಲ್ಲಿ ಎರಡು ದಿನದ ಅಳು ನಿಧಾನವಾಗಿ ಬೇರೇನೋ ಆಗತೊಡಗಿತು.

"ಗಾಳಿ ತೂತು ನೀವ ಮುಚ್ಚೀರಿ? ಟಾಕಿ ಬರಿದು ಮಾಡಾಕ ಹೋಗಿ ಕುಡದೀರಿ?"

ಮಾಸ್ತರು ಹೌದೆಂದು ಕಣ್ಣು ಮುಚ್ಚಿದರು.

"ಎಣ್ಣಿ ಡಬ್ಬಿಗಿ ಒಂದ ತೂತು ಹೊಡದ್ರ ಎಣ್ಣಿ ಇಳಿಯೂದಿಲ್ಲ, ಗಾಳಿಗೊಂದು ಬ್ಯಾರೆ ಬೇಕು ಅಂತ ಒಲಿ ಮುಂದ ಕುಂತ ಯಾರನ್ನ ಕೇಳಿದ್ರೂ ಹೇಳತಿದ್ರಲ್ರೀ! ಮೂರು ಬಣ್ಣದಾಗ ಚಿತ್ರಾ ಯಾಕ ಬರದ್ರಿ?" ಎಂದವರೇ ಸೆರಗಿನ ಪಿನ್ನು ಬಿಚ್ಚಿಕೊಂಡು ಆಸ್ಪತ್ರೆಯ ಅಂಗಳಕ್ಕೆ ಹೋದರು. ಜೀಪಿನ ಸೀಟು ಎತ್ತಿ, ಮುಚ್ಚಳದ ಬಣ್ಣದೊಳಗೆ ಪಿನ್ನು ಚುಚ್ಚಿ ತಿರುವಿದರು. ಆ ಮೇಲೆ ಅಪ್ಪಾಸಾಬ ಜೀಪನ್ನು ಊರಿನವರೆಗೆ ಒಯ್ದು ತಂದ. ಎಲ್ಲಿಯೂ ನಿಲ್ಲಲಿಲ್ಲ. ಹವಾಲ್ದಾರ ಮುರಗೆಪ್ಪ ಅದನ್ನೇ ಪಂಚನಾಮೆ ಎಂದು ಒಪ್ಪಿ ತನ್ನ ಕಾಗದ ಹರಿದು ಹಾಕಿದ.

ಮಾಸ್ತರು ಪಾರಾದರು. ಆದರೆ ಇದರಿಂದ ಸಂತೋಷಪಟ್ಟವರು ಕಡಿಮೆ. "ಅಂದ್ರ ನಿಮಗ ಗಿಡದ ಸುದ್ದಿ ಗೊತ್ತ ಇರಲಿಲ್ಲ?" ಎಂದು ತಾರವ್ವ ಸಿಟ್ಟಾಗಿ ಚಿಕ್ಕು ಹಣ್ಣಿನ ಚೀಲವನ್ನಾದರೂ ತಿರುಗಿ ಕೊಡಿ ಎಂದಳು. ಹೆಡ್‌ಮಾಸ್ತರು, "ಮಾತಾಡಾಕ ಬರೂದಿಲ್ಲ ಅಂತ ಸುಳ್ಳ ಮಲಗಿ ನಮ್ಮ ಬಾಯಿ ಬಿಡಿಸಿದ್ರಿ" ಎಂದು ಸ್ಟಾಫ್ ರೂಮಿನಲ್ಲಿ ಮುಖ ತಿರುಗಿಸಿದರು. ಜೀಪು ಸರಿಯಾಗಿ ಓಡುತ್ತಿದೆ ಎಂದು ಕೇಳಿದ ಪಾರಿಸ, ತಾನು ಅದನ್ನು ನಿಜವಾಗಿ ಪ್ರೀತಿಯಿಂದಲೇ ಕೊಟ್ಟದ್ದು ಎಂದು ಅಕ್ಕನಿಗೆ ಪತ್ರ ಬರೆದ.

ಮಾಸ್ತರಿಗೆ ಬೇರೆಯೇ ಚಿಂತೆ ಹತ್ತಿತ್ತು. ತಾನು ಸಾಯುತ್ತೇನೆ ಎಂದು ಹೆದರಿದಾಗ ಇವರೆಲ್ಲ ನಿಜ ಹೇಳಿದರು. ತಾನು ಹೇಳಬೇಕಾದವಳು ಚೆನ್ನಾಗಿಯೇ ಇದ್ದಾಳೆ. ಅವಳು ಪೆಟ್ರೋಲು ಕುಡಿಯುವವರೆಗೆ ಕಾಯಬೇಕೇ?

ಮುಂದಿನ ವಾರ ಒಂದು ದಿನ ರಜೆ ಹಾಕಿ, ಜೀಪು ತೆಗೆದುಕೊಂಡು, ಹೊಳೆಯ ಆಚೆ ಸುತ್ತಿ ಬಳಸಿ ಯಡೂರಿಗೆ ಹೋದರು. ಸುಂದರಾಳನ್ನು ಅಲ್ಲಿಗೆ ಕೊಟ್ಟಿದ್ದರು. ವೀರಭದ್ರನ ಗುಡಿಗೆ ಬರುವವರಿಗೆ ತೆಂಗಿನಕಾಯಿ, ಕರ್ಪೂರ ಮಾರುವ ಅಂಗಡಿ. ಅವಳೂ ಅತ್ತೆ ಜನಾಬಾಯಿಯೂ ಕಾಯಿ ಸುಲಿಯುತ್ತ ಕುಳಿತಿದ್ದರು. ಮಾಸ್ತರು ನಿಂತುಕೊಂಡೇ ಎಲ್ಲ ಹೇಳಿದರು. ಬೆಂಗಳೂರಿನ ಪತ್ರದ್ದನ್ನೂ ಹೇಳಿದರು.

ಸುಂದರಾ ಕೈಯಲ್ಲಿದ್ದ ಕಾಯಿಯನ್ನು ಪೂರ್ತಿ ಸುಲಿದು ಕೆಳಗಿಟ್ಟಳು.

"ಸಹಿ ನಿಮ್ಮದು ಹಾಕೀರಿ ಅಂತ ನನಗ ಆಗ ಗೊತ್ತಿತ್ತರಿ ಸರ. ಹೆಡ್‌ಮಾಸ್ತರ ಕ್ವಾಣ್ಯಾಗ ಚಿತ್ರಾ ಹಾಕಿದ್ರಲಾ, ನೋಡಿದ್ದೆ. ಪತ್ರದ್ದು ಗೊತ್ತಿರಲಿಲ್ಲ." ಇನ್ನೊಂದು ಕಾಯಿ ಎತ್ತಿಕೊಂಡು, ಸುಲಿಯದೆ ತಿರುಗಿ ಕೆಳಗಿಟ್ಟಳು. "ಇದನ್ನ ಮತ್ಯಾರಿಗೆ ಹೇಳೀರಿ?"

"ಯಾರಿಗೂ ಇಲ್ಲವಾ. ನಿನಗಷ್ಟ."

"ನನಗ ಗೊತ್ತಿದ್ದದ್ದನ್ನ ನನಗ ಹೇಳಿದ್ರ ಏನ್ ಬಂತರಿ? ಗೊತ್ತಿಲ್ಲದವರಿಗೆ ಹೇಳಬೇಕಲ್ಲಾ."

ಸುಂದರಾ ಎದ್ದು ಕೈ ತೊಳೆದಳು, ಸೀರೆ ಸರಿಮಾಡಿಕೊಂಡಳು, ಗಂಡನನ್ನು ಅಂಗಡಿಯಲ್ಲಿ ಕೂರಿಸಿದಳು. ಜನಾಬಾಯಿ, "ನಾನೂ ಬರತೇನಿ, ಜೀಪಿನ್ಯಾಗ ಕುಂತಿಲ್ಲ" ಎಂದು ಎಲ್ಲರಿಗಿಂತ ಮೊದಲು ಹತ್ತಿ ಮುಂದಿನ ಸೀಟು ಹಿಡಿದಳು.

ಹೆಡ್‌ಮಾಸ್ತರರ ಕೋಣೆಗೆ ಸ್ಟಾಫೆಲ್ಲ ಬಂದು ನಿಂತಿತು. ಮಾಸ್ತರು ಗೋಡೆಯ ಮೇಲಿನ ಚಿತ್ರ ತೋರಿಸಿ ಹೇಳಬೇಕಾದದ್ದನ್ನು ಹೇಳಿದರು. ಮೊದಲು ಮುಖ ಅರಳಿದ್ದು ರಾವಸಾಹೇಬರದು.

"ಅಂದ್ರ ನಾ ಮುಚ್ಚಿಟ್ಟ ಪತ್ರಾ ನಿಮ್ಮದಲ್ಲ ಅಂದಂಗಾತು! ಖೋತರ, ನಾ ನಿಮಗ ಏನೂ ಅನ್ಯಾಯ ಮಾಡೇ ಇಲ್ಲ!"

"ಆ ಪತ್ರಾ ಎಲ್ಲೈತ್ರಿ ಸರ?" ಎಂದಳು ಸುಂದರಾ.

ರಾವಸಾಹೇಬರ ಮುಖ ಮತ್ತೆ ಮುದುಡಿತು. ಡ್ರಾವರಿನ ತಳದಿಂದ, ಹಾಜರಿ ಪಟ್ಟಿಗಳ ಕೆಳಗಿನಿಂದ, ಹಳದಿಯಾದ ಲಕೋಟೆ ಹೊರಬಂತು. ಸುಂದರಾ ಅದನ್ನು ತೆರೆಯದೆ ಅತ್ತೆಯ ಕೈಗೆ ಕೊಟ್ಟಳು. ಅವಳ ಕಣ್ಣು ಗೋಡೆಯ ಮೇಲಿತ್ತು. ಸ್ಟೂಲು ಹತ್ತಿ ಚಿತ್ರ ಇಳಿಸಿದಳು, ಮೇಜಿನ ಮೇಲೆ ಮಲಗಿಸಿ ಧೂಳು ಒರೆಸಿದಳು.

"ಅಂಬಿಗನ ನೆರಳು ತಪ್ಪ ಬಿದ್ದೈತಿ. ಆಗ ತಿಳೀಲಿಲ್ಲ ನನಗ. ಬ್ರಶ್ ಕೊಡ್ರಿ ಸರ."

ಮಾಸ್ತರು ಓಡಿಹೋಗಿ ಬ್ರಶ್ಶು, ಬಣ್ಣ ತಂದರು. ಅವಳು ಕುಳಿತಳು. ಅವರು ಬಣ್ಣದ ತಟ್ಟೆ ಹಿಡಿದು ಪಕ್ಕದಲ್ಲಿ ನಿಂತರು. ಇಂಟರ್ವಲ್ ಮುಗಿದ ಗಂಟೆ ಬಾರಿಸಿತು, ಯಾರೂ ಕದಲಲಿಲ್ಲ.

ಅಕ್ಷರ ಬಾರದ ಜನಾಬಾಯಿ ಪತ್ರವನ್ನು ರಾವಸಾಹೇಬರ ಮುಂದೆ ಹಿಡಿದಳು. "ಏನ್ ಬರದಾರ ಓದ್ರಿ. ಎಲ್ಲಾರಿಗೂ ಕೇಳೂ ಹಂಗ ಓದ್ರಿ."

ರಾವಸಾಹೇಬರು ಓದಿದರು. "ತಮ್ಮ ಶಾಲೆಯ ಶ್ರೀ ಭೂಪಾಲ ಖೋತ ಇವರ ಚಿತ್ರವು ಪ್ರಥಮ ಸ್ಥಾನಕ್ಕೆ ಆಯ್ಕೆಯಾಗಿದ್ದು..." ಕೊನೆಯವರೆಗೆ ಓದಿ ಮುಗಿಸಿದಾಗ ಅವರ ಧ್ವನಿ ಬಹಳ ಸಣ್ಣದಾಗಿತ್ತು.

"ಇನ್ನೊಮ್ಮೆ ಓದ್ರಿ" ಎಂದಳು ಜನಾಬಾಯಿ. "ಈ ಸಲ ಹೆಸರು ಬರೋಬರಿ ಓದ್ರಿ."

ರಾವಸಾಹೇಬರು ಪತ್ರ ನೋಡಿದರು, ಸುಂದರಾಳನ್ನು ನೋಡಿದರು, ಗಂಟಲು ಸರಿಮಾಡಿಕೊಂಡರು. "ಶ್ರೀಮತಿ ಅನ್ನಲೋ, ಕುಮಾರಿ ಅನ್ನಲೋ?"

ಸುಂದರಾ ತಲೆ ಎತ್ತಲಿಲ್ಲ. ಬ್ರಶ್ಶನ್ನು ನೀರಿನ ಮೇಲಿನ ಕಪ್ಪು ನೆರಳಿಗೆ ಮುಟ್ಟಿಸುತ್ತ ಹೇಳಿದಳು:

"ಆಗ ಕುಮಾರಿ ಇದ್ನಿರಿ."

ರಾವಸಾಹೇಬರು ಕನ್ನಡಕ ಒರೆಸಿಕೊಂಡು ಮೊದಲಿನಿಂದ ಓದತೊಡಗಿದರು.